ಮುಖ ನೋಡಿ ಹಾಕುವ ಮಣೆ

ಪುಣೆಯ ಸದಾಶಿವ ಪೇಟೆ, ನಾರಾಯಣ ಪೇಟೆ, ಶನಿವಾರ ಪೇಟೆಗಳ ಓಣಿಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರದೇ ಒಂದು ಊರು ಬೆಳೆದು ನಿಂತಿದೆ. ಮರಾಠವಾಡ, ಸೊಲ್ಲಾಪುರ, ಸಾಂಗಲಿ ಕಡೆಯ ರೈತರ ಮಕ್ಕಳು ಇಲ್ಲಿ ಒಂದು ಮಂಚದಷ್ಟು ಜಾಗ ಬಾಡಿಗೆಗೆ ಹಿಡಿದು, ‘ಅಭ್ಯಾಸಿಕಾ’ ಎಂಬ ಓದುಕೋಣೆಗಳಲ್ಲಿ ವರ್ಷಗಟ್ಟಲೆ ಕೂತು ಎಂಪಿಎಸ್‌ಸಿ, ಯುಪಿಎಸ್‌ಸಿಗೆ ತಯಾರಾಗುತ್ತಾರೆ. ಧಾರವಾಡದ ಸಪ್ತಾಪುರವನ್ನೋ ಬೆಂಗಳೂರಿನ ವಿಜಯನಗರವನ್ನೋ ಕಂಡ ಕನ್ನಡಿಗರಿಗೆ ಈ ಲೋಕ ಹೊಸದಲ್ಲ. ಲಿಖಿತ ಪರೀಕ್ಷೆ ದಾಟಿದವರಿಗೆ ಮುಂದಿನ ಮೆಟ್ಟಿಲು ಅಣಕು ಸಂದರ್ಶನ. ಬಾಗಿಲು ದಾಟುವಾಗಲೇ ತುಟಿಯಲ್ಲಿ ತೆಳುವಾದ ನಗು ಇರಲಿ, ಹುಬ್ಬು ಗಂಟಿಕ್ಕಬೇಡಿ, ಉತ್ತರ ಗೊತ್ತಿಲ್ಲದಾಗ ಮುಖ ಬಾಡದಿರಲಿ ಎಂದು ಅಲ್ಲಿ ತಿದ್ದುತ್ತಾರೆ. ಹಾಗೆ ತಿದ್ದುವುದರಲ್ಲಿ ಲೆಕ್ಕಾಚಾರವಿದೆ. ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯ ಅಂತಿಮ ಪಟ್ಟಿಗೆ ಗಣನೆಯಾಗುವ 2025 ಅಂಕಗಳಲ್ಲಿ 275 ಅಂಕ ಸಂದರ್ಶನದ್ದು. ಒಂದೆರಡು ಅಂಕಗಳ ಅಂತರದಲ್ಲಿ ಬದುಕಿನ ದಾರಿಯೇ ಬೇರೆಯಾಗುವ ಕಡೆ 275 ಸಣ್ಣ ಸಂಖ್ಯೆಯಲ್ಲ.

ಮುಖಕ್ಕೆ ಬೆಲೆ ಇದೆ ಎನ್ನುವುದು ಆ ಮಕ್ಕಳಿಗೂ ಅವರ ಗುರುಗಳಿಗೂ ಗೊತ್ತು. ಆದರೆ ಮೇಜಿನ ಆಚೆ ಕೂತು ಅಂಕ ಕೊಡುವವರ ಮನಸ್ಸಿನಲ್ಲಿ ಆ ಮುಖ ಏನು ಮಾಡುತ್ತದೆ ಎಂಬುದು ನಮ್ಮ ಸಾರ್ವಜನಿಕ ಚರ್ಚೆಗೆ ಬರುವುದು ಬಲು ಅಪರೂಪ. ಪ್ರಾಮಾಣಿಕರನ್ನು ಆ ಕುರ್ಚಿಯಲ್ಲಿ ಕೂರಿಸಿದರೆ ಸಾಕು, ಉಳಿದದ್ದು ಸರಿಹೋಗುತ್ತದೆ ಎಂದು ನಾವು ನಂಬಿದ್ದೇವೆ. ಈ ನಂಬಿಕೆ ಅರ್ಧ ಮಾತ್ರ ಸರಿ. ಇನ್ನೊಬ್ಬರ ಮುಖಭಾವ ನಮ್ಮ ತೀರ್ಮಾನವನ್ನು ತಿರುಗಿಸುವ ಕೆಲಸ ಬಹುಪಾಲು ನಮ್ಮ ಅರಿವಿನ ಕೆಳಗೆ ನಡೆಯುತ್ತದೆ. ಲಂಚ ಬೇಡವೆನ್ನಬಹುದು, ಶಿಫಾರಸು ಪತ್ರ ಹರಿದು ಹಾಕಬಹುದು. ಒಳಗೆ ಬಂದದ್ದೇ ತಿಳಿಯದ ಪ್ರಭಾವವನ್ನು ಪ್ರಾಮಾಣಿಕತೆಯ ಬಲದಿಂದ ಮಾತ್ರ ತಡೆಯಲು ಆಗುವುದಿಲ್ಲ. ಆದ್ದರಿಂದ ಸರಿಪಡಿಸಬೇಕಾದದ್ದು ವ್ಯಕ್ತಿಗಳ ಮನಸ್ಸಿಗಿಂತ ಮೊದಲು ತೀರ್ಪು ಕೊಡುವ ಕ್ರಮವನ್ನು.

ಈ ಮಾತಿಗೆ ಆಧಾರವಾಗಿ ಮೂರು ದಶಕಗಳ ಪ್ರಯೋಗಗಳಿವೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಶೀಲಾ ಮರ್ಫಿ ಮತ್ತು ರಾಬರ್ಟ್ ಝಾಯನ್ಸ್ 1993ರಲ್ಲಿ, ಚೀನೀ ಲಿಪಿ ಬಾರದ ಜನರಿಗೆ ಆ ಲಿಪಿಯ ಅಕ್ಷರಗಳನ್ನು ತೋರಿಸಿ, ಯಾವುದು ಎಷ್ಟು ಹಿಡಿಸಿತು ಎಂದು ಕೇಳಿದರು. ಪ್ರತಿ ಅಕ್ಷರಕ್ಕೂ ಮುಂಚೆ ಪರದೆಯ ಮೇಲೆ ಒಂದು ಮುಖ ಮಿಂಚಿ ಮರೆಯಾಗುತ್ತಿತ್ತು. ಅದು ಇದ್ದದ್ದು 4 ಮಿಲಿಸೆಕೆಂಡ್, ಅಂದರೆ ಒಂದು ಸೆಕೆಂಡಿನ 250ನೆಯ ಒಂದು ಪಾಲು. ನೋಡಿದವರಿಗೆ ಮುಖ ಕಂಡದ್ದೇ ತಿಳಿಯಲಿಲ್ಲ. ಆದರೂ ನಗುಮುಖದ ಬೆನ್ನಿಗೆ ಬಂದ ಅಕ್ಷರ ಅವರಿಗೆ ಹೆಚ್ಚು ಹಿಡಿಸಿತು, ಸಿಟ್ಟಿನ ಮುಖದ ಬೆನ್ನಿಗೆ ಬಂದದ್ದು ಕಡಿಮೆ. ಅದೇ ಮುಖಗಳನ್ನು ಪೂರ್ತಿ ಒಂದು ಸೆಕೆಂಡ್ ಕಾಣುವ ಹಾಗೆ ತೋರಿಸಿದಾಗ ಈ ವ್ಯತ್ಯಾಸ ಹೋಯಿತು. ನಗುವುದು ಆ ಮುಖ, ಅಕ್ಷರವಲ್ಲ ಎಂದು ಗೊತ್ತಾದಾಗ ಮನಸ್ಸು ಎರಡನ್ನೂ ಬೇರೆಬೇರೆ ಇಟ್ಟಿತು. ಗೊತ್ತಿಲ್ಲದಾಗ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿತು.

2000ದಲ್ಲಿ ಸ್ವೀಡನ್ನಿನ ಉಲ್ಫ್ ಡಿಮ್‌ಬೆರ್ಗ್ ಮತ್ತು ಸಂಗಡಿಗರು ನೋಡುವವರ ಮುಖದ ಸ್ನಾಯುಗಳನ್ನೇ ಅಳೆದರು. 30 ಮಿಲಿಸೆಕೆಂಡ್ ತೋರಿಸಿ, ಕೂಡಲೇ ಭಾವವಿಲ್ಲದ ಮುಖವೊಂದರಿಂದ ಮರೆಮಾಡಿದ ನಗುಮುಖಕ್ಕೆ ನೋಡುಗರ ಕೆನ್ನೆಯ ಸ್ನಾಯು ಮಿಡಿಯಿತು, ಸಿಟ್ಟಿನ ಮುಖಕ್ಕೆ ಹುಬ್ಬಿನ ಸ್ನಾಯು. ಪಿಯೋಟರ್ ವಿಂಕೀಲ್ಮನ್ ಮತ್ತು ಸಂಗಡಿಗರ 2005ರ ಪ್ರಯೋಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅರಿವಿಗೆ ಬಾರದ ಹಾಗೆ ನಗುಮುಖಗಳನ್ನು ತೋರಿಸಿದ ಮೇಲೆ, ಬಾಯಾರಿದವರು ಲೋಟಕ್ಕೆ ಹೆಚ್ಚು ಪಾನೀಯ ಸುರಿದುಕೊಂಡರು, ಹೆಚ್ಚು ಕುಡಿದರು. ಸಿಟ್ಟಿನ ಮುಖ ತೋರಿಸಿದವರಲ್ಲಿ ಎರಡೂ ಕಡಿಮೆಯಾದವು. ಈಗ ನಿಮ್ಮ ಮನಸ್ಸು ಹೇಗಿದೆ ಎಂದು ಕೇಳಿದರೆ ಎರಡು ಗುಂಪಿನವರ ಉತ್ತರದಲ್ಲೂ ಬದಲಾವಣೆ ಇರಲಿಲ್ಲ. ನಡತೆ ಬದಲಾಗಿತ್ತು, ಬದಲಾದ ಸುಳಿವು ಅವರಿಗೇ ಸಿಕ್ಕಿರಲಿಲ್ಲ.

ಈ ಪ್ರಯೋಗಗಳಿಗೆ ಮಿತಿಗಳಿವೆ. ಮುಖ ನಿಜಕ್ಕೂ ಅರಿವಿಗೆ ಬಂದಿರಲಿಲ್ಲ ಎಂದು ಖಚಿತಪಡಿಸುವುದು ಹೇಗೆಂಬ ವಿವಾದ ಮನಶ್ಶಾಸ್ತ್ರದಲ್ಲಿ ಇನ್ನೂ ನಡೆದಿದೆ. ಮೆದುಳಿನ ಅಮಿಗ್ಡಾಲ ಎಂಬ ಭಾಗಕ್ಕೆ ಭಯದ ಮುಖ ಅಡ್ಡದಾರಿಯಲ್ಲಿ ಬೇಗ ತಲುಪುತ್ತದೆ ಎಂಬ ವಾದವನ್ನೂ ಎಲ್ಲರೂ ಒಪ್ಪಿಲ್ಲ. ಪ್ರಯೋಗಾಲಯದಲ್ಲಿ ಕಂಡ ಪ್ರಭಾವ ಅನೇಕ ಸಲ ಸಣ್ಣದು. ಈ ಎಚ್ಚರ ಬೇಕು. ಆದರೆ ನನ್ನ ವಾದ 4 ಮಿಲಿಸೆಕೆಂಡಿನ ಮಿಂಚುಮುಖವನ್ನು ನೆಚ್ಚಿಕೊಂಡಿಲ್ಲ. ಸಂದರ್ಶನದಲ್ಲಿ, ಕೋರ್ಟಿನಲ್ಲಿ, ಪೊಲೀಸ್ ಠಾಣೆಯಲ್ಲಿ ಮುಖ ಕಣ್ಣೆದುರಿಗೇ ಇರುತ್ತದೆ, ಅರ್ಧ ಗಂಟೆ ಇರುತ್ತದೆ. ಅಲ್ಲಿ ಗೊತ್ತಾಗದೆ ಉಳಿಯುವುದು ಮುಖವಲ್ಲ, ಅದು ನಮ್ಮ ತೀರ್ಮಾನದಲ್ಲಿ ಮಾಡಿದ ಕೆಲಸ. ಈ ಎರಡನೆಯ ಕುರುಡು ಹೆಚ್ಚು ಸಾಮಾನ್ಯ, ಹೆಚ್ಚು ಅಪಾಯಕಾರಿ.

ರಿಚರ್ಡ್ ನಿಸ್ಬೆಟ್ ಮತ್ತು ತಿಮೊಥಿ ವಿಲ್ಸನ್ 1977ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಇದಕ್ಕೊಂದು ಉದಾಹರಣೆ ಇದೆ. ಅಂಗಡಿಯೊಂದರಲ್ಲಿ ಒಂದೇ ಥರದ ನಾಲ್ಕು ಜೊತೆ ನೈಲಾನ್ ಕಾಲುಚೀಲಗಳನ್ನು ಸಾಲಾಗಿಟ್ಟು, ಯಾವುದು ಉತ್ತಮ ಎಂದು ಗಿರಾಕಿಗಳನ್ನು ಕೇಳಿದರು. ಜನ ಬಲತುದಿಯದನ್ನು ಹೆಚ್ಚಾಗಿ ಆರಿಸಿದರು. ಏಕೆ ಎಂದು ಕೇಳಿದರೆ ನೇಯ್ಗೆಯನ್ನು, ಗುಣಮಟ್ಟವನ್ನು ಹೊಗಳಿದರು. ಇಟ್ಟ ಜಾಗದಿಂದಾಗಿ ಆರಿಸಿದೆ ಎಂದು ಯಾರೂ ಹೇಳಲಿಲ್ಲ. ಅವರಲ್ಲಿ ಸುಳ್ಳುಗಾರರು ಯಾರೂ ಇರಲಿಲ್ಲ. ತೀರ್ಮಾನ ಮೊದಲು ಬಂದಿತ್ತು, ಕಾರಣವನ್ನು ಮನಸ್ಸು ಆಮೇಲೆ ಹುಡುಕಿಕೊಂಡಿತ್ತು. ಸಂದರ್ಶನ ಮಂಡಳಿಯ ಸದಸ್ಯರೊಬ್ಬರು ‘ಅಭ್ಯರ್ಥಿಗೆ ಆತ್ಮವಿಶ್ವಾಸ ಸಾಲದು’ ಎಂದು ಬರೆಯುವಾಗ, ಆ ವಾಕ್ಯ ಉತ್ತರಗಳಿಂದ ಹುಟ್ಟಿತೋ, ಒಳಬಂದ ಕ್ಷಣದ ಮುಖದಿಂದ ಹುಟ್ಟಿತೋ ಎಂದು ಅವರೂ ಹೇಳಲಾರರು.

ಮುಖಭಾವವೇ ಇಲ್ಲದ ಮುಖಕ್ಕೂ ಈ ದಂಡ ತಪ್ಪಿದ್ದಲ್ಲ. ಪ್ರಿನ್ಸ್‌ಟನ್ನಿನ ಅಲೆಕ್ಸಾಂಡರ್ ಟೊಡೊರೋವ್ ಮತ್ತು ಜಾನಿನ್ ವಿಲ್ಲಿಸ್ 2006ರಲ್ಲಿ, ಅಪರಿಚಿತ ಮುಖವೊಂದನ್ನು ಸೆಕೆಂಡಿನ ಹತ್ತನೆಯ ಒಂದು ಪಾಲು ಹೊತ್ತು ನೋಡಿದರೂ ಜನ ‘ನಂಬಬಹುದು, ನಂಬಬಾರದು’ ಎಂಬ ಅಭಿಪ್ರಾಯಕ್ಕೆ ಬಂದುಬಿಡುತ್ತಾರೆ ಎಂದು ತೋರಿಸಿದರು. ಇನ್ನಷ್ಟು ಹೊತ್ತು ಕೊಟ್ಟರೆ ಅಭಿಪ್ರಾಯ ಬದಲಾಗುವುದಕ್ಕಿಂತ ಅದರ ಮೇಲಿನ ಭರವಸೆ ಹೆಚ್ಚುತ್ತದೆ. ಟೊಡೊರೋವ್ ಮತ್ತು ನಿಕೊಲಾಸ್ ಊಸ್ಟರ್‌ಹಾಫ್ 2008ರಲ್ಲಿ ಇನ್ನೊಂದು ಸಂಗತಿಯನ್ನು ಕಂಡರು. ಶಾಂತವಾಗಿರುವಾಗಲೂ ಕೆಲವರ ಮುಖದ ರಚನೆ ನಗುವಿಗೆ ಹತ್ತಿರವಿರುತ್ತದೆ, ಕೆಲವರದು ಸಿಟ್ಟಿಗೆ ಹತ್ತಿರ. ಮೊದಲನೆಯವರನ್ನು ನೋಡುಗರು ನಂಬಿಗಸ್ತರೆಂದು ಎಣಿಸುತ್ತಾರೆ, ಎರಡನೆಯವರನ್ನು ಅನುಮಾನಿಸುತ್ತಾರೆ. ತುಟಿಯ ಅಂಚು ತುಸು ಕೆಳಗೆ ಬಾಗಿ ಹುಟ್ಟಿದ ಒಬ್ಬಳು ಹುಡುಗಿ ತನ್ನಲ್ಲಿಲ್ಲದ ಸಿಟ್ಟಿಗಾಗಿ ಜೀವಮಾನವಿಡೀ ಅಂಕ ಕಳೆದುಕೊಳ್ಳುತ್ತಾಳೆ. ಅಣಕು ಸಂದರ್ಶನದ ಗುರುಗಳು ಅವಳಿಗೆ ‘ನಗಮ್ಮಾ’ ಎನ್ನಬಹುದು. ನ್ಯಾಯವಾಗಿ ನೋಡಿದರೆ ತಿದ್ದಿಕೊಳ್ಳಬೇಕಾದವಳು ಅವಳಲ್ಲ.

ಇದುವರೆಗೆ ಹೇಳಿದ್ದು ಮುಖ ನಮ್ಮ ತೀರ್ಪನ್ನು ಬದಲಿಸುವ ಬಗೆ. ನಮ್ಮ ತಿಳಿವಳಿಕೆ ಮುಖವನ್ನು ಬದಲಿಸುವುದೂ ಉಂಟು. ಇದನ್ನು ಪುಣೆಯಷ್ಟು ಚೆನ್ನಾಗಿ ಬಲ್ಲ ಊರು ದೇಶದಲ್ಲಿ ಕಡಿಮೆ. ಇಲ್ಲಿನ ಲಾ ಕಾಲೇಜ್ ರಸ್ತೆಯಲ್ಲಿ, ಹಳೆಯ ಪ್ರಭಾತ್ ಸ್ಟುಡಿಯೋದ ಆವರಣದಲ್ಲಿ, 1960ರಲ್ಲಿ ಶುರುವಾದ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಗಿರೀಶ ಕಾರ್ನಾಡರು 1974ರಿಂದ 75ರವರೆಗೆ ಅದರ ನಿರ್ದೇಶಕರಾಗಿದ್ದರು. 1977ರ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಪಡೆದ ಗಿರೀಶ ಕಾಸರವಳ್ಳಿ ಅಲ್ಲಿ ಕಲಿತವರು. ಸಿನಿಮಾ ಕಲಿಯುವ ಯಾರಿಗೂ ಬೇಗನೆ ಎದುರಾಗುವ ಪಾಠ ರಷ್ಯದ ಲೆವ್ ಕುಲೆಶೋವ್ 1920ರ ಆಸುಪಾಸಿನಲ್ಲಿ ಮಾಡಿದರೆನ್ನುವ ಪ್ರಯೋಗ. ನಟ ಇವಾನ್ ಮೊಜ್ಜುಖಿನ್ ಅವರ ನಿರ್ಭಾವ ಮುಖದ ಒಂದೇ ತುಣುಕನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರು. ನೋಡಿದವರು ಒಂದರಲ್ಲಿ ಹಸಿವನ್ನು, ಇನ್ನೊಂದರಲ್ಲಿ ದುಃಖವನ್ನು ಕಂಡು ನಟನನ್ನು ಹೊಗಳಿದರಂತೆ. ಆ ಮೂಲ ತುಣುಕು ಉಳಿದಿಲ್ಲ. 1992ರಲ್ಲಿ ಆ ಪ್ರಯೋಗವನ್ನು ಮರುಪರೀಕ್ಷಿಸಿದವರಿಗೆ ಆ ಫಲ ಸಿಗಲಿಲ್ಲ. ಆದರೆ 2006ರಲ್ಲಿ ಮೆದುಳಿನ ಸ್ಕ್ಯಾನ್ ಬಳಸಿ, 2016ರಲ್ಲಿ ಇನ್ನಷ್ಟು ಎಚ್ಚರದ ವಿನ್ಯಾಸದಿಂದ ಮಾಡಿದ ಅಧ್ಯಯನಗಳು, ಪಕ್ಕದ ದೃಶ್ಯಕ್ಕೆ ತಕ್ಕಂತೆ ನಿರ್ಭಾವ ಮುಖದಲ್ಲೂ ಜನ ಭಾವವನ್ನು ಓದುತ್ತಾರೆ ಎಂದು ತೋರಿಸಿದವು.

ಇದನ್ನು ಕೋರ್ಟಿನ ಒಳಗೆ ಇಟ್ಟು ನೋಡೋಣ. ಕಟಕಟೆಯಲ್ಲಿ ಒಬ್ಬ ನಿಂತಿದ್ದಾನೆ, ಮುಖದಲ್ಲಿ ಯಾವ ಭಾವವೂ ಇಲ್ಲ. ಅವನ ಮೇಲಿನ ಕೊಲೆಯ ಆರೋಪವನ್ನು ಓದುತ್ತಾರೆ. ಈಗ ಅದೇ ಮುಖ ಕಲ್ಲಿನಂತೆ, ಪಶ್ಚಾತ್ತಾಪವಿಲ್ಲದಂತೆ ಕಾಣುತ್ತದೆ. ಅವನನ್ನೇ ಸಂತ್ರಸ್ತನ ಜಾಗದಲ್ಲಿ ನಿಲ್ಲಿಸಿದ್ದರೆ, ಪಾಪ, ಆಘಾತದಿಂದ ಮರಗಟ್ಟಿದ್ದಾನೆ ಎನ್ನುತ್ತಿದ್ದೆವು. ಆರೋಪ ಮುಖಕ್ಕೆ ಬಣ್ಣ ಬಳಿಯಿತು, ಆ ಬಣ್ಣವೇ ಆರೋಪಕ್ಕೆ ಸಾಕ್ಷಿಯಾಯಿತು. ಈ ಸುತ್ತಿನಲ್ಲಿ ಹೊಸ ಪುರಾವೆ ಒಂದೂ ಸೇರಿಲ್ಲ, ನಂಬಿಕೆ ಮಾತ್ರ ಬಲವಾಗಿದೆ.

ನಮ್ಮ ಕಾನೂನು ಮುಖಕ್ಕೆ ಅಧಿಕೃತ ಜಾಗವನ್ನೇ ಕೊಟ್ಟಿದೆ. 1973ರ ದಂಡ ಪ್ರಕ್ರಿಯಾ ಸಂಹಿತೆಯ 280ನೆಯ ಕಲಮಿನ ಪ್ರಕಾರ, ಸಾಕ್ಷ್ಯ ನುಡಿಯುವಾಗ ಸಾಕ್ಷಿಯ ಹಾವಭಾವದ ಬಗ್ಗೆ ಮುಖ್ಯವೆನಿಸಿದ್ದನ್ನು ನ್ಯಾಯಾಧೀಶರು ದಾಖಲಿಸಬೇಕಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಇದನ್ನು ಉಳಿಸಿಕೊಂಡಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಇಂಥದೇ ನಿಯಮವಿದೆ. ಸಾಕ್ಷಿಯನ್ನು ಕಣ್ಣಾರೆ ಕಂಡ ವಿಚಾರಣಾ ನ್ಯಾಯಾಧೀಶರಿಗೆ ಸತ್ಯ ಹೆಚ್ಚು ಗೊತ್ತಾಗುತ್ತದೆ ಎಂಬ ಮಾತನ್ನು ಮೇಲಿನ ನ್ಯಾಯಾಲಯಗಳು ಬಹುಕಾಲದಿಂದ ಹೇಳುತ್ತ ಬಂದಿವೆ. ಆದರೆ ಕಣ್ಣಾರೆ ಕಂಡರೆ ಸುಳ್ಳು ಗೊತ್ತಾಗುತ್ತದೆಯೇ? ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ 2006ರಲ್ಲಿ 24 ಸಾವಿರಕ್ಕೂ ಹೆಚ್ಚು ಜನರ ಮೇಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸತ್ಯ ಸುಳ್ಳುಗಳನ್ನು ಜನ ಸರಿಯಾಗಿ ಗುರುತಿಸಿದ್ದು ಸರಾಸರಿ ಶೇ. 54ರಷ್ಟು ಸಲ. ನಾಣ್ಯ ಚಿಮ್ಮಿದರೂ ಶೇ. 50 ಸಿಗುತ್ತದೆ.

ಕಲಬುರ್ಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಪುಣೆಗೆ ಗುಳೆ ಬಂದ ಕಟ್ಟಡ ಕಾರ್ಮಿಕರೊಬ್ಬರು ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಲು ನಿಂತಿದ್ದಾರೆ ಎಂದುಕೊಳ್ಳಿ. ಪ್ರಶ್ನೆ ಮರಾಠಿಯಲ್ಲಿ ಬರುತ್ತದೆ. ಅರ್ಥಮಾಡಿಕೊಳ್ಳಲು ಹುಬ್ಬು ಗಂಟಿಕ್ಕುತ್ತಾರೆ. ದೊಡ್ಡವರೆದುರು ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬಾರದು ಎಂದು ಬೆಳೆದವರಾದ್ದರಿಂದ ನೆಲ ನೋಡುತ್ತಾರೆ. ತಪ್ಪು ಹೇಳಿಬಿಟ್ಟರೆ ಎಂಬ ಅಂಜಿಕೆಯಿಂದ ತಡವರಿಸುತ್ತಾರೆ. ಹುಬ್ಬಿನ ಗಂಟು, ತಗ್ಗಿದ ಕಣ್ಣು, ತೊದಲು ಮಾತು ಮೂರೂ ಸೇರಿದರೆ, ಪೇಟೆಯಲ್ಲಿ ಬೆಳೆದ ಕಣ್ಣಿಗೆ ಅದು ಸುಳ್ಳುಗಾರನ ಲಕ್ಷಣ. ಮುಖ ಓದುವ ವಿದ್ಯೆಯ ಕೆಟ್ಟ ಫಲ ಮೊದಲು ತಟ್ಟುವುದು ಇಂಥವರಿಗೆ: ಭಾಷೆ ಬೇರೆಯವರು, ಹಳ್ಳಿಯವರು, ಬಡವರು, ಕೋರ್ಟಿನ ಮೆಟ್ಟಿಲನ್ನು ಮೊದಲ ಸಲ ಹತ್ತಿದವರು. ಅನುಭವಿ ಸುಳ್ಳುಗಾರನ ಮುಖ ನೆಟ್ಟಗೇ ಇರುತ್ತದೆ.

ಮುಖ ಮೋಸ ಮಾಡುತ್ತದೆಯಾದರೆ ಮುಖದ ಹಿಂದಿನ ಮೆದುಳನ್ನೇ ಓದಿಬಿಡೋಣ ಎಂಬ ಆಸೆಗೂ ಪುಣೆಯೇ ಸಾಕ್ಷಿಯಾಯಿತು. ಕೊಲೆ ಪ್ರಕರಣವೊಂದರಲ್ಲಿ ಇಲ್ಲಿನ ಸೆಷನ್ಸ್ ನ್ಯಾಯಾಲಯ 2008ರ ಜೂನ್‌ನಲ್ಲಿ ಕೊಟ್ಟ ತೀರ್ಪು ಜಗತ್ತಿನ ಗಮನ ಸೆಳೆಯಿತು. ಆರೋಪಿ ಯುವತಿಯ ತಲೆಗೆ ವಿದ್ಯುದ್ವಾಹಕಗಳನ್ನು ಜೋಡಿಸಿ, ಅಪರಾಧದ ಹಂತಗಳನ್ನು ವಾಕ್ಯಗಳಾಗಿ ಓದಿ ಕೇಳಿಸಿ, ಅವಳು ಬಾಯಿ ಬಿಡದಿದ್ದರೂ ಮೆದುಳಿನ ಅಲೆಗಳಿಂದ ‘ಅನುಭವದ ನೆನಪು’ ಇದೆಯೋ ಇಲ್ಲವೋ ಎಂದು ಹೇಳುವ ಬಿಯೋಸ್ ಎಂಬ ಪರೀಕ್ಷೆಯ ಫಲವನ್ನೂ ಆ ತೀರ್ಪು ಅಪರಾಧಕ್ಕೆ ಆಧಾರವಾಗಿ ಹಿಡಿದಿತ್ತು. ಆ ವಿಧಾನವನ್ನು ರೂಪಿಸಿದವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ದುಡಿದಿದ್ದ ಸಿ.ಆರ್. ಮುಕುಂದನ್. ಅದೇ ವರ್ಷ ನಿಮ್ಹಾನ್ಸ್ ನಿರ್ದೇಶಕರಾಗಿದ್ದ ಡಿ. ನಾಗರಾಜ ಅವರ ನೇತೃತ್ವದ ತಜ್ಞ ಸಮಿತಿ ಇಂಥ ಪರೀಕ್ಷೆಗೆ ವೈಜ್ಞಾನಿಕ ಆಧಾರ ಸಾಲದು ಎಂದು ವರದಿ ಕೊಟ್ಟಿತು. ಯುವತಿಗೆ ಬಾಂಬೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. 2010ರ ಮೇ 5ರಂದು ಸುಪ್ರೀಂ ಕೋರ್ಟ್, ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ, ಒಪ್ಪಿಗೆ ಇಲ್ಲದೆ ಮಾಡುವ ಮಂಪರು ಪರೀಕ್ಷೆ, ಸುಳ್ಳುಪತ್ತೆ, ಮೆದುಳು ಪರೀಕ್ಷೆಗಳು ಸಂವಿಧಾನದ 20(3) ಮತ್ತು 21ನೆಯ ವಿಧಿಗಳಿಗೆ ವಿರುದ್ಧವೆಂದು ಸಾರಿತು.

ಆ ತೀರ್ಪನ್ನು ನಾನು ಗೌರವದಿಂದ ನೆನೆಯುತ್ತೇನೆ. ಆದರೆ ಒಂದು ಪ್ರಶ್ನೆ ಅಲ್ಲಿಗೆ ಮುಗಿಯಲಿಲ್ಲ. ಯಂತ್ರ ಮನಸ್ಸನ್ನು ಓದಿದರೆ ಅದಕ್ಕೆ ಪುರಾವೆ ಕೇಳಿದೆವು, ತಪ್ಪಿನ ಪ್ರಮಾಣ ಎಷ್ಟೆಂದು ಕೇಳಿದೆವು, ಕೇಳಿದ್ದು ಸರಿಯಾಯಿತು. ಮನುಷ್ಯನ ಕಣ್ಣು ಮುಖ ನೋಡಿ ಮನಸ್ಸನ್ನು ಓದಿದಾಗ ಏನನ್ನೂ ಕೇಳುವುದಿಲ್ಲ. ಅದನ್ನು ಅನುಭವ ಎನ್ನುತ್ತೇವೆ, ಪಳಗಿದ ಕಣ್ಣು ಎನ್ನುತ್ತೇವೆ. ಶೇ. 54ರ ಕಣ್ಣಿಗೆ ನಾವು ಕೊಟ್ಟ ಈ ವಿನಾಯಿತಿಗೆ ಸಮರ್ಥನೆ ಇಲ್ಲ.

ಇದರ ಬೆಲೆ ತೆರುವವರಲ್ಲಿ ಹೆಂಗಸರು ಮುಂದಿದ್ದಾರೆ. ದೂರು ಕೊಡಲು ಬಂದವಳು ಅಳಬೇಕು. ಅಳದಿದ್ದರೆ ಅವಳ ಮಾತಿನ ತೂಕ ಇಳಿಯುತ್ತದೆ. 2021ರ ಮೇ ತಿಂಗಳಲ್ಲಿ ಗೋವಾದ ಮಾಪುಸಾ ಸೆಷನ್ಸ್ ನ್ಯಾಯಾಲಯ ಪತ್ರಿಕಾ ಸಂಪಾದಕರೊಬ್ಬರನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡುವಾಗ, ಘಟನೆಯ ನಂತರದ ಫೋಟೋಗಳಲ್ಲಿ ದೂರುದಾರೆ ನಗುನಗುತ್ತ, ಸಹಜವಾಗಿ ಕಾಣುತ್ತಾರೆ ಎಂಬುದನ್ನೂ ತನ್ನ ಕಾರಣಗಳಲ್ಲಿ ಸೇರಿಸಿತು. ಕರ್ನಾಟಕ ಹೈಕೋರ್ಟ್ 2020ರ ಜೂನ್‌ನಲ್ಲಿ ನಿರೀಕ್ಷಣಾ ಜಾಮೀನಿನ ಆದೇಶವೊಂದರಲ್ಲಿ, ಘಟನೆಯ ಬಳಿಕ ಬಳಲಿ ನಿದ್ದೆ ಹೋದೆ ಎಂಬ ಮಹಿಳೆಯ ಮಾತನ್ನು ಹಿಡಿದು, ಭಾರತೀಯ ಹೆಂಗಸು ಹೀಗೆ ನಡೆದುಕೊಳ್ಳುವುದಿಲ್ಲ ಎಂಬರ್ಥದ ಮಾತು ಬರೆಯಿತು. ವ್ಯಾಪಕ ಆಕ್ಷೇಪದ ನಂತರ ಕೆಲವೇ ದಿನಗಳಲ್ಲಿ ಆ ಸಾಲುಗಳನ್ನು ತೆಗೆದುಹಾಕಿತು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೊರತಂದ ಲಿಂಗಾಧಾರಿತ ಪೂರ್ವಗ್ರಹಗಳ ಕೈಪಿಡಿ, ಆಘಾತಕ್ಕೆ ಎಲ್ಲರೂ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ ಎಂದು ನ್ಯಾಯಾಧೀಶರಿಗೆ ಸ್ಪಷ್ಟವಾಗಿ ತಿಳಿಹೇಳಿತು.

ಕರ್ನಾಟಕದ ಆ ಪ್ರಕರಣ ನನ್ನ ವಾದಕ್ಕೆ ಬಹಳ ಮುಖ್ಯ. ಆ ಮಾತು ಬರವಣಿಗೆಯಲ್ಲಿ ಇತ್ತು, ಆದ್ದರಿಂದ ಜನ ಓದಿದರು, ಆಕ್ಷೇಪಿಸಿದರು, ನ್ಯಾಯಾಲಯ ತಿದ್ದಿಕೊಂಡಿತು. ಬರೆದ ತಪ್ಪನ್ನು ಅಳಿಸಬಹುದು. ಅರಿವಿನ ಕೆಳಗೆ ಕೆಲಸ ಮಾಡಿ, ಬೇರೆ ಕಾರಣಗಳ ಉಡುಪು ತೊಟ್ಟು ಹೊರಬಂದ ಪ್ರಭಾವವನ್ನು ಅಳಿಸುವುದು ಹೇಗೆ? ಅದು ಯಾವ ಪುಟದಲ್ಲೂ ಇರುವುದಿಲ್ಲ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪ ಬರುತ್ತದೆ. ಮುಖವಿಲ್ಲದ ಬದುಕು ಬದುಕೇ? ಭರತನ ನಾಟ್ಯಶಾಸ್ತ್ರ ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ನಡುಕ, ಬಣ್ಣಗೆಡುವುದು, ಕಣ್ಣೀರು, ಮೂರ್ಛೆ ಎಂದು ಎಂಟು ಸಾತ್ತ್ವಿಕ ಭಾವಗಳನ್ನು ಎಣಿಸಿತು. ಮನಸ್ಸು ಮುಳುಗದೆ ಅವು ಮೂಡವು ಎಂದು ನಮ್ಮ ಪರಂಪರೆ ನಂಬಿತು. ಗದಗಿನಿಂದ ಹೊರಟು ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರನ್ನು ನೆನೆಯಿರಿ. ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿನಲ್ಲಿ 1953ರಲ್ಲಿ ಆರಂಭವಾದ ಸಂಗೀತ ಮಹೋತ್ಸವವನ್ನು ಅವರು ದಶಕಗಳ ಕಾಲ ನಡೆಸಿಕೊಂಡು ಬಂದರು. ಅವರು ಹಾಡುವಾಗ ಮುಖ ಬಿಗಿಯುತ್ತಿತ್ತು, ಅರಳುತ್ತಿತ್ತು, ಕೈಗಳು ತಾನವನ್ನು ಗಾಳಿಯಲ್ಲಿ ಬರೆಯುತ್ತಿದ್ದವು. ಅದನ್ನು ನೋಡುತ್ತ ಕೇಳಿದ್ದು ಲಕ್ಷಾಂತರ ರಸಿಕರ ಭಾಗ್ಯ. ಈ ಮುಖವನ್ನು ಪರದೆಯ ಹಿಂದೆ ಇಡಿ ಎನ್ನಲು ಯಾರಿಗೆ ಮನಸ್ಸು ಬಂದೀತು?

ಖಂಡಿತ ಬೇಡ. ಕಲೆಯಲ್ಲಿ ಮುಖ ನಮಗಾಗಿ ಕೊಟ್ಟದ್ದು, ಸವಿಯಬೇಕಾದದ್ದು. ಸವಿಯುವವನು ಮನಸೋತರೆ ಯಾರಿಗೂ ಅನ್ಯಾಯವಿಲ್ಲ. ಆದರೆ ಅದೇ ಸಂಗೀತ ಸ್ಪರ್ಧೆಯಾಗಿ, ಬಹುಮಾನ ಒಬ್ಬರಿಗೆ ಮಾತ್ರ ಎಂದಾದಾಗ ಮಾತು ಬೇರೆ. ಚಿಯಾ-ಜಂಗ್ ತ್ಸೇ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಸ್ಪರ್ಧೆಗಳ ತುಣುಕುಗಳನ್ನು ಜನರಿಗೆ ತೋರಿಸಿ, ಗೆದ್ದವರು ಯಾರಿರಬಹುದು ಎಂದು ಕೇಳಿದರು. ಸದ್ದಿಲ್ಲದ ವಿಡಿಯೋ ಮಾತ್ರ ನೋಡಿದವರು, ಬರೀ ಸಂಗೀತ ಕೇಳಿದವರಿಗಿಂತ ಹೆಚ್ಚು ಸರಿಯಾಗಿ ಹೇಳಿದರು. ಪಳಗಿದ ಸಂಗೀತಗಾರರೂ ಹಾಗೆಯೇ. ಎಲ್ಲಕ್ಕಿಂತ ಮುಖ್ಯ ನಾದವೇ ಎಂದು ಹೇಳಿದವರೂ ಅವರೇ. ಅಂದರೆ ಮೂಲ ತೀರ್ಪುಗಾರರ ಕಿವಿಯನ್ನು ಅವರ ಕಣ್ಣು ಆಳಿತ್ತು.

ವೈದ್ಯರ, ಮೇಷ್ಟ್ರ, ಆಪ್ತಸಲಹೆಗಾರರ ಕೆಲಸದಲ್ಲೂ ಮುಖ ಬೇಕೇಬೇಕು. ‘ಏನೂ ಇಲ್ಲ ಡಾಕ್ಟ್ರೇ’ ಎನ್ನುವ ಅಜ್ಜಿಯ ಮುಖದಲ್ಲಿ ನೋವು ಕಂಡ ವೈದ್ಯರು ಇನ್ನೊಂದು ಪ್ರಶ್ನೆ ಕೇಳುತ್ತಾರೆ, ಕೇಳಲೇಬೇಕು. ಗಮನಿಸಿ, ಅಲ್ಲಿ ಮುಖ ಪ್ರಶ್ನೆಯನ್ನು ಹುಟ್ಟಿಸುತ್ತದೆ, ವಿಚಾರಣೆಯನ್ನು ಮುಂದುವರಿಸುತ್ತದೆ. ಅನ್ಯಾಯ ಶುರುವಾಗುವುದು ಮುಖ ಉತ್ತರವಾದಾಗ, ವಿಚಾರಣೆ ಅಲ್ಲಿಗೇ ನಿಂತಾಗ. ನಾನು ಎಳೆಯುವ ಗೆರೆ ಇಷ್ಟೇ: ಇನ್ನೊಬ್ಬರ ನೋವನ್ನು ಹುಡುಕಲು ಮುಖ ನೋಡಿ, ಇನ್ನೊಬ್ಬರ ಹಕ್ಕನ್ನು ಅಳೆಯಲು ಮುಖ ನೋಡಬೇಡಿ.

ಈಗ ಈ ಗೆರೆ ದಾಟುವ ಆಮಿಷ ತಂತ್ರಜ್ಞಾನದ ರೂಪದಲ್ಲಿ ಬಂದಿದೆ. ಕ್ಯಾಮೆರಾ ಮುಖಭಾವ ಓದಿ ಉದ್ಯೋಗಾರ್ಥಿಯನ್ನು ಅಳೆಯುತ್ತದೆ ಎಂದು ಮಾರುವವರಿದ್ದಾರೆ. 2021ರ ಜನವರಿಯಲ್ಲಿ ಲಖನೌ ಪೊಲೀಸರು, ಸಂಕಟದಲ್ಲಿರುವ ಹೆಂಗಸರನ್ನು ಮುಖಭಾವದಿಂದ ಗುರುತಿಸುವ ಕ್ಯಾಮೆರಾಗಳನ್ನು ಹಾಕುವ ಯೋಜನೆ ಪ್ರಕಟಿಸಿದರು. ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಮತ್ತು ಸಂಗಡಿಗರು 2019ರಲ್ಲಿ ಅಪಾರ ಸಂಶೋಧನೆಯನ್ನು ಜಾಲಾಡಿ, ಒಂದು ಭಾವಕ್ಕೆ ಒಂದೇ ಮುಖ ಎಂಬುದಕ್ಕೆ ಆಧಾರ ಸಾಲದು ಎಂದು ತೋರಿಸಿದರು. ಜನ ಸಿಟ್ಟಾದಾಗ ಸದಾ ಹುಬ್ಬು ಗಂಟಿಕ್ಕುವುದಿಲ್ಲ, ಹುಬ್ಬು ಗಂಟಿಕ್ಕಿದವರೆಲ್ಲ ಸಿಟ್ಟಾಗಿರುವುದಿಲ್ಲ. ವಿಡಿಯೋ ಸಂದರ್ಶನದ ಅಮೆರಿಕನ್ ಕಂಪನಿ ಹೈರ್‌ವ್ಯೂ ಮುಖ ವಿಶ್ಲೇಷಣೆ ಕೈಬಿಟ್ಟಿರುವುದಾಗಿ 2021ರಲ್ಲಿ ತಿಳಿಸಿತು. ಯುರೋಪಿನ ಒಕ್ಕೂಟ ಕೆಲಸದ ಜಾಗಗಳಲ್ಲಿ, ಶಿಕ್ಷಣ ಸಂಸ್ಥೆಗಳಲ್ಲಿ ಯಂತ್ರದಿಂದ ಭಾವ ಗುರುತಿಸುವುದನ್ನು 2025ರ ಫೆಬ್ರುವರಿ 2ರಿಂದ, ವೈದ್ಯಕೀಯ ಮತ್ತು ಸುರಕ್ಷತೆಯ ಕಾರಣಗಳನ್ನು ಬಿಟ್ಟು, ನಿಷೇಧಿಸಿದೆ. ಪುಣೆಯ ಹಿಂಜವಡಿಯಲ್ಲಿ, ಬೆಂಗಳೂರಿನಲ್ಲಿ ಇಂಥ ತಂತ್ರಾಂಶ ಬರೆಯಬಲ್ಲ ಸಾವಿರಾರು ಎಂಜಿನಿಯರುಗಳಿರುವ ದೇಶದಲ್ಲಿ ಇಂಥ ನಿಷೇಧ ತಡವಾಗಬಾರದು. ನಮ್ಮ ಕಣ್ಣಿನ ತಪ್ಪನ್ನು ಯಂತ್ರಕ್ಕೆ ಕಲಿಸಿ, ಲಕ್ಷ ಪಾಲು ಹೆಚ್ಚಿಸಿ, ಅದಕ್ಕೆ ವಸ್ತುನಿಷ್ಠ ಎಂಬ ಮುದ್ರೆ ಒತ್ತುವುದು ಇದರಿಂದ ಆಗುವ ಕೆಲಸ.

ಹಾಗಾದರೆ ಮಾಡಬೇಕಾದದ್ದೇನು? ಕ್ರಮ ಬದಲಿಸುವುದು ನಮಗೆ ಹೊಸದೇನಲ್ಲ. ಉತ್ತರಪತ್ರಿಕೆಯ ಮೇಲೆ ಹೆಸರು ಬರೆಯಬಾರದು, ಸಂಖ್ಯೆ ಮಾತ್ರ ಇರಬೇಕು ಎಂಬ ನಿಯಮವನ್ನು ನಾವು ಎಂದೋ ಒಪ್ಪಿದ್ದೇವೆ. ಮೌಲ್ಯಮಾಪಕರನ್ನು ಅವಮಾನಿಸಲು ಆ ನಿಯಮ ಬಂದದ್ದಲ್ಲ, ಅವರೂ ಮನುಷ್ಯರು ಎಂಬ ತಿಳಿವಿನಿಂದ ಬಂದದ್ದು. 1980ರ ಅಜಯ್ ಹಾಸಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಲೇಜು ಪ್ರವೇಶದಲ್ಲಿ ಮೌಖಿಕ ಸಂದರ್ಶನಕ್ಕೆ ಶೇ. 15ಕ್ಕಿಂತ ಹೆಚ್ಚು ಅಂಕ ಇಡುವುದು ಮನಸೋಇಚ್ಛೆಯ ಕ್ರಮ ಎಂದಿತು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ತೆಗೆದುಹಾಕಿತು. ಆ ದಾರಿಯಲ್ಲೇ ಇನ್ನಷ್ಟು ಮುಂದೆ ಹೋಗಬೇಕು. ಸಂದರ್ಶನ ಬೇಕೇ ಬೇಕಾದ ಹುದ್ದೆಗಳಿಗೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನೆಗಳ ಚೌಕಟ್ಟು ಇರಲಿ. ಪ್ರತಿ ಉತ್ತರಕ್ಕೂ ಅಂಕ ಆಗಲೇ ಬೀಳಲಿ, ಕೊನೆಯಲ್ಲಿ ಒಟ್ಟು ಅನಿಸಿಕೆಗೆ ಅಲ್ಲ. ಸದಸ್ಯರು ಒಬ್ಬರೊಡನೊಬ್ಬರು ಮಾತಾಡುವ ಮುಂಚೆ ತಮ್ಮ ತಮ್ಮ ಅಂಕ ಬರೆದಿಡಲಿ. ಉತ್ತರಗಳ ಬರಹರೂಪವನ್ನು ಮುಖ ಕಾಣದ ಇನ್ನೊಬ್ಬ ಮೌಲ್ಯಮಾಪಕರು ಓದಿ ಅಂಕ ಹಾಕಲಿ. ಎರಡರ ನಡುವೆ ದೊಡ್ಡ ಅಂತರ ಬಂದರೆ ಮೊದಲನೆಯವರು ಕಾರಣ ಕೊಡಲಿ.

ಕೋರ್ಟಿನಲ್ಲಿ ಹಾವಭಾವದ ದಾಖಲೆಗೆ ಒಂದು ಶಿಸ್ತು ಬೇಕು. ‘ಪ್ರಶ್ನೆಯ ನಂತರ ತುಸು ಹೊತ್ತು ಸುಮ್ಮನಿದ್ದು, ತಲೆ ತಗ್ಗಿಸಿ ಉತ್ತರಿಸಿದರು’ ಎಂದು ಕಂಡದ್ದನ್ನು ಬರೆಯಲಿ. ‘ಸುಳ್ಳು ಹೇಳುವಂತೆ ಕಂಡರು’ ಎಂದು ಊಹಿಸಿದ್ದನ್ನು ಬರೆಯದಿರಲಿ. ಹಾವಭಾವದಿಂದ ಮಾತ್ರ ಸಾಕ್ಷ್ಯವನ್ನು ತಳ್ಳುವ, ಎತ್ತುವ ತೀರ್ಪು ನಿಲ್ಲಬಾರದು. ದಾಖಲೆ, ಸಮಯ, ಇತರ ಸಾಕ್ಷಿಗಳ ಆಸರೆ ಅದಕ್ಕೆ ಬೇಕು. ಠಾಣೆಯಲ್ಲಿ ದೂರು ಬರೆದುಕೊಳ್ಳುವವರು ಅತ್ತದ್ದನ್ನು, ಅಳದಿದ್ದುದನ್ನು ನಂಬಿಕೆಯ ಅಳತೆಗೋಲಾಗಿ ಬಳಸಬಾರದು ಎಂಬುದು ತರಬೇತಿಯ ಪಾಠವಾಗಬೇಕು.

ಈ ಕೆಲಸವನ್ನು ಶುರುಮಾಡಲು ಪುಣೆಗೆ ಎಲ್ಲ ಅರ್ಹತೆ ಇದೆ. 1924ರಲ್ಲಿ ಆರಂಭವಾದ ಐಎಲ್‌ಎಸ್ ಕಾನೂನು ಕಾಲೇಜು ಇಲ್ಲಿದೆ, 1949ರಿಂದ ವಿಶ್ವವಿದ್ಯಾಲಯ ಇದೆ, ಅಣಕು ಸಂದರ್ಶನಗಳಲ್ಲಿ ಕೂರುವ ನಿವೃತ್ತ ಅಧಿಕಾರಿಗಳಿದ್ದಾರೆ. ಸಂದರ್ಶನವೊಂದನ್ನು ಮೊದಲು ಬರಹದಲ್ಲಿ ಓದಿ, ಆಮೇಲೆ ಧ್ವನಿಯಲ್ಲಿ ಕೇಳಿ, ಕೊನೆಗೆ ಮುಖ ಸಹಿತ ನೋಡಿ, ಮೂರು ಸಲವೂ ಅಂಕ ಹಾಕಿ ಹೋಲಿಸುವುದು ಖರ್ಚಿನ ಮಾತೇನಲ್ಲ. ಹಾಗೆ ಮಾಡಿ ನೋಡಿದ ಮಂಡಳಿಗೆ ತನ್ನ ಕಣ್ಣಿನ ತೂಕ ಅಂಕಿಗಳಲ್ಲೇ ತಿಳಿಯುತ್ತದೆ. ಧಾರವಾಡ, ಮೈಸೂರು, ಬೆಂಗಳೂರಿನ ವಿಶ್ವವಿದ್ಯಾಲಯಗಳೂ ಇದನ್ನು ಮಾಡಬಹುದು. ಅಭ್ಯರ್ಥಿಗಳಿಗೆ ನಗು ಕಲಿಸಲು ಹಾಕುವ ಶ್ರಮದಲ್ಲಿ ಒಂದು ಪಾಲು ಮೇಜಿನ ಆಚೆಯವರಿಗೂ ಸಲ್ಲಲಿ.

ಮುಖ ನೋಡಿ ಮಣೆ ಹಾಕುವುದನ್ನು ನಮ್ಮ ಹಿರಿಯರು ಪಕ್ಷಪಾತವೆಂದೇ ತಿಳಿದಿದ್ದರು. ಬೇಕೆಂದು ಮಾಡುವ ಪಕ್ಷಪಾತ ಅವರ ಮನಸ್ಸಿನಲ್ಲಿತ್ತು. ಬೇಡವೆಂದುಕೊಂಡರೂ ಆಗಿಹೋಗುವ ಪಕ್ಷಪಾತವೊಂದಿದೆ ಎಂದು ಈಗ ನಮಗೆ ಗೊತ್ತಾಗಿದೆ. ಗೊತ್ತಾದ ಮೇಲೆ ಹಳೆಯ ಕ್ರಮವನ್ನೇ ಉಳಿಸಿಕೊಂಡರೆ, ಮುಂದಿನ ತಪ್ಪುಗಳನ್ನು ಅರಿವಿಲ್ಲದೆ ಆದವು ಎಂದು ಹೇಳುವ ಹಕ್ಕು ನಮಗೆ ಉಳಿಯುವುದಿಲ್ಲ. ತನ್ನ ವಿರುದ್ಧದ ಕಾರಣ ಏನೆಂದು ಕೇಳಿ, ಅದಕ್ಕೆ ಉತ್ತರ ಕೊಡುವ ಅವಕಾಶ ಪ್ರತಿಯೊಬ್ಬರಿಗೂ ಇರಬೇಕು. ನ್ಯಾಯದ ಮೊದಲ ಷರತ್ತು ಅದು. ಕಾರಣಕ್ಕೆ ಉತ್ತರ ಕೊಡಬಹುದು, ದಾಖಲೆಗೆ ಉತ್ತರ ಕೊಡಬಹುದು. ತನ್ನ ಮುಖ ಇನ್ನೊಬ್ಬರ ಮನಸ್ಸಿನಲ್ಲಿ ಏನು ಮಾಡಿತು ಎಂಬುದಕ್ಕೆ ಯಾರೂ ಉತ್ತರ ಕೊಡಲಾರರು. ಆ ಹೊರೆಯನ್ನು ಕಟಕಟೆಯಲ್ಲಿ ನಿಂತವರಿಂದ, ಸಂದರ್ಶನದ ಕುರ್ಚಿಯಲ್ಲಿ ಕೂತವರಿಂದ ಇಳಿಸಿ, ತೀರ್ಪು ಕೊಡುವ ಸಂಸ್ಥೆಗಳೇ ಹೊರಬೇಕು.